ಬೀಗ ಜಗ್ಗುವವರು

ಕ್ಷೌರದಂಗಡಿಯಲ್ಲಿ ಗೀಳು ಬಿಡಿಸುವ ಅಯಸ್ಕಾಂತವನ್ನು ತಲೆಗೆ ಹಿಡಿಸಿಕೊಂಡು ಬಂದ ಸರ್ವಮಂಗಳ ಮನೆಗೆ ಬೀಗ ಹಾಕಿ, ಒಮ್ಮೆ ಜಗ್ಗಿ, ಹೊರಟೇಬಿಟ್ಟಳು. ಮಗಳ ಮೊದಲ ಕೂಸಿನ ತೊಟ್ಟಿಲ ದಿನ ಈ ಬೀಗ ಜಗ್ಗುತ್ತ ನಿಂತೇ ಬಸ್ಸು ತಪ್ಪಿಸಿಕೊಂಡಿದ್ದಳು. ಎರಡನೆಯ ಕೂಸಿನದಕ್ಕಾದರೂ ಹೋಗಲೇಬೇಕಿತ್ತು.

ಪಕ್ಕದ ಮನೆಯ ಗಿರಿಜಮ್ಮ ಅಡ್ಡ ಬಂದಳು. "ನಮ್ಮನೆ ಬೀಗ ಜಗ್ಗಲಿಲ್ವಲ್ಲೇ? ನೀನಿದ್ದೀಯ ಅಂತ ತಾನೇ ಇಡೀ ವಠಾರ ನಿಶ್ಚಿಂತೆಯಾಗಿ ಓಡಾಡ್ಕೊಂಡಿರೋದು?"

"ಇನ್ಮೇಲೆ ನೀವೇ ಜಗ್ಗಿಕೊಳ್ಳಿ ಗಿರಿಜಕ್ಕಾ," ಎಂದು ಸರ್ವಮಂಗಳ ಬಸ್ಸು ಹತ್ತಿದಳು.

ತೊಟ್ಟಿಲು ತೂಗಿ, ವಾರ ಬಿಟ್ಟು ಮರಳಿದಾಗ ಕ್ಷೌರದಂಗಡಿಯ ಮುಂದೆ ವಠಾರದವರೆಲ್ಲ ಸಾಲಾಗಿ ನಿಂತಿದ್ದರು. ಜಗ್ಗಿ ಜಗ್ಗಿ ಗಿರಿಜಮ್ಮನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ನನ್ನ ಸರದಿ ಬರೋದ್ರೊಳಗೆ ನಮ್ಮನೆ ಬೀಗ ನೋಡ್ಕೊಂಡು ಬಾರೇ, ನಿನ್ನ ದಮ್ಮಯ್ಯ."

ಸರ್ವಮಂಗಳ ಹೋಗಿ ಜಗ್ಗಿದಳು, ಒಂದೇ ಸಲ.