ಎರೆ ಮಣ್ಣು, ಎರ್ರ ಮಣ್ಣು

ಮೌನಿಕಾ ತಂದಿಳಿಸಿದ ಚೀಲದ ಬಾಯಿ ಬಿಚ್ಚಿದ್ದೇ ತಡ, ಹಾರಿಕಾ ಒಳಗೆ ಕೈ ಹಾಕಿ ಒಂದು ಹಿಡಿ ತೆಗೆದಳು. ಚೀಲದ ತುಂಬ ಕೆಂಪು ಮಣ್ಣು.

“ಅತ್ತಿಗೀ, ನಾ ಎರೆ ಮಣ್ಣು ತಾ ಅಂದಿದ್ದೆ. ಕರೇದು.”

“ಫೋನಿನ್ಯಾಗ ಎರ್ರ ಅಂತ ಕೇಳಿಸ್ತಮ್ಮ. ಎರ್ರ ಅಂದ್ರ ಕೆಂಪ ಅಲ್ಲೇನು?”

ತೆಲುಗು ಮನೆಯಿಂದ ಸೊಸೆಯಾಗಿ ಬಂದು ಆರು ತಿಂಗಳಾಗಿದ್ದ ಅತ್ತಿಗೆಯ ಮುಖ ಸಣ್ಣದಾಯಿತು. ಪಾಪ, ಅವಳನ್ನು ಬಯ್ದು ಏನು ಬಂತು? ಆಂಧ್ರದ ಆದೋನಿಯ ವಿಜ್ಞಾನ ಮೇಳದ ತೀರ್ಪುಗಾರರು ಆಗಲೇ ಮೂರನೇ ಮೇಜಿಗೆ ಬಂದಿದ್ದರು, ಹಾರಿಕಾಳದು ಐದನೆಯದು. ಹೋದ ವರ್ಷ ‘ಕನ್ನಡ ಮೀಡಿಯಂ’ ಎಂಬ ಬೋರ್ಡು ನೋಡಿ, ನಿಲ್ಲದೇ ದಾಟಿಹೋಗಿದ್ದರು. ಈ ಸಲವೂ ಹಾಗಾದರೆ ಇನ್ನು ಮೇಳದ ಮಾತೇ ಎತ್ತಬೇಡಿ ಎಂದು ಹೆಡ್‌ಮಾಸ್ತರರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಜೋಳದ ಹಿಟ್ಟಿನಲ್ಲಿ ಅವಳು ಮಿಡತೆಗಳನ್ನು ಮಾಡಿ ತಂದಿದ್ದಳು. ಇದ್ದಿಲ ಪುಡಿ ಕಲಸಿದ ಕರಿಯವು ಇಪ್ಪತ್ತು, ಕಾವಿ ಕಲಸಿದ ಕೆಂಪಿನವು ಐದು. ಎರೆ ಹೊಲದಲ್ಲಿ ಕೆಂಪು ಮಿಡತೆ ಹಕ್ಕಿಯ ಕಣ್ಣಿಗೆ ಬೀಳುತ್ತದೆ, ಕರಿಯದು ತಪ್ಪಿಸಿಕೊಂಡು ಮೊಟ್ಟೆಯಿಡುತ್ತದೆ, ಬರಬರುತ್ತ ಹೊಲದ ತುಂಬ ಕರಿಯವೇ ಆಗುತ್ತವೆ. ಇದನ್ನು ಕೋಳಿಯಿಂದಲೇ ಆರಿಸಿ ತೋರಿಸಬೇಕೆಂದು ಅವಳ ಆಸೆ. ಚಾರ್ಟಿನ ಮೇಲೂ ‘ಕರಿಯದೇ ಉಳಿಯುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದಳು.

ಆದದ್ದಾಗಲಿ ಎಂದು ಹಾರಿಕಾ ಆ ಚಾರ್ಟನ್ನು ಪರ್ರನೆ ಹರಿದಳು. ಕೆಂಪು ಮಣ್ಣನ್ನೇ ಪರಾತಕ್ಕೆ ಸುರಿದು, ಮಿಡತೆಗಳನ್ನು ಚೆಲ್ಲಿ, ತೀರ್ಪುಗಾರರು ಎದುರಿಗೆ ಬರುತ್ತಲೇ ಕೋಳಿಯ ಮೇಲೆ ಮುಚ್ಚಿದ್ದ ಬುಟ್ಟಿ ಎತ್ತಿದಳು. ಬೆಳಗಿನಿಂದ ಹಸಿದಿದ್ದ ಜವಾರಿ ಕೋಳಿ ಟಕಟಕನೆ ಕುಕ್ಕಿತು. ನಿಮಿಷದ ಮೇಲೆ ನೋಡಿದರೆ ಕರಿಯವು ಎರಡೇ ಎರಡು ಉಳಿದಿದ್ದವು. ಕೆಂಪಿನವು ಐದೂ ಕೂತಲ್ಲೇ ಕೂತಿದ್ದವು.

ಹಾಗಾದರೆ ಕೆಂಪು ಬಣ್ಣವೇ ಗಟ್ಟಿ ಅನ್ನು, ಎಂದರು ಹಿರಿಯ ತೀರ್ಪುಗಾರ ನರಸಪ್ಪ.

“ಇಲ್ಲ ಸಾರ್. ಬಣ್ಣದಾಗ ಏನೂ ಇಲ್ಲ. ಮಣ್ಣು ಬದಲಾದ್ರ ಉಳಿಯೋದೂ ಬದಲಾಗತೈತಿ.”

ಎರೆ ಮಣ್ಣಿನಲ್ಲೂ ಮಾಡಿ ತೋರಿಸು, ಕಾಯುತ್ತೇನೆ ಎಂದು ಅವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಹಾರಿಕಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಮೈದಾನದ ಹಿಂದೆಯೇ ಎರೆ ಮಣ್ಣಿನ ಹತ್ತಿ ಹೊಲವಿತ್ತು. ಖಾಲಿ ಚೀಲವನ್ನು ಅತ್ತಿಗೆಯ ಕೈಗೆ ಕೊಟ್ಟಳು. ‘ಎರೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಕರಿ ಮಣ್ಣನ್ನು ಈ ಸಲ ಅತ್ತಿಗೆಯ ತೆಲುಗಿನಲ್ಲೇ ಕೇಳಿದಳು:

“ವದಿನಾ, ನಲ್ಲ ಮಟ್ಟಿ ತೀಸ್ಕೊನಿ ರಾ.”