ತನ್ನ ಕುಣಿ ತಾನೇ

ಸಾವಿನಿಂದ ಪಾರಾದವನ ಹೆಣ ಅವನು ಪಾರಾದ ಜಾಗದಲ್ಲೇ ಬಿದ್ದಿರುತ್ತಿತ್ತು. ಬದುಕುಳಿದವನು ತನ್ನ ಕೈಯಾರೆ ಕುಣಿ ತೋಡಿ ಅದನ್ನು ಹೂಳಬೇಕು, ಊರಿನ ರೂಢಿ ಅದು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ರಾಯಪ್ಪ ಈಗಾಗಲೇ ಮೂರು ಸಲ ತನ್ನನ್ನು ತಾನೇ ಹೂತಿದ್ದ. ಮೂರನೆಯ ಸಲವಂತೂ ಬೀಡಿ ಸೇದುತ್ತಲೇ ಮಣ್ಣು ಎಳೆದಿದ್ದ.

ಇವತ್ತು ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಕಾಲುವೆಯ ಏರು ಹತ್ತಿಸಿದ್ದ. ಟ್ರ್ಯಾಕ್ಟರಿನ ಮೂತಿ ಮೇಲೇಳದಿರಲೆಂದು ಗೆಳೆಯ ಭರಮಣ್ಣನನ್ನು ಮುಂದಿನ ಬಂಪರ್ ಮೇಲೆ ಭಾರಕ್ಕೆ ನಿಲ್ಲಿಸಿದ್ದ. ಆದರೂ ಮೂತಿ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿತು. ರಾಯಪ್ಪ ಹಾರಿಕೊಂಡ. ಈಗ ಅಲ್ಲಿ ಅವನದೊಂದು ಹೆಣ, ಭರಮಣ್ಣನದೊಂದು.

"ಇದು ಎಷ್ಟನೇದ್ದೋ ರಾಯಪ್ಪಾ?" ಎಂದು ಹಾದಿಯವರು ನಗುತ್ತ ಹೋದರು.

ಭರಮಣ್ಣನ ಹೆಂಡತಿ ನೀಲವ್ವ ಸಲಿಕೆ ಹೊತ್ತು ಗೊಣಗುತ್ತ ಬಂದಳು. "ಬಂಪರ್ ಮ್ಯಾಲ ನಿಂದರಬ್ಯಾಡ್ರಿ ಅಂತ ಎಷ್ಟ ಸಲ ಹೇಳೀನಿ ಇವ್ರಿಗೆ! ಎಲ್ಲಿ ಅದಾರ ಯಣ್ಣಾ? ಬಂದು ತಮ್ಮ ಕುಣಿ ತಾವ ತೋಡ್ಕೊಳ್ಲಿ."

ರಾಯಪ್ಪ ಎರಡು ತಾಸಿನಿಂದ ಭರಮಣ್ಣನನ್ನು ಕಬ್ಬಿನ ಸಾಲುಗಳಲ್ಲಿ, ಕಾಲುವೆಯಲ್ಲಿ ಹುಡುಕಿ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ. ಸಲಿಕೆಗೆ ಕೈ ಚಾಚಿದ.

"ತಾ ತಂಗಿ, ನಾನ ತೋಡ್ತೀನಿ."

ಒಬ್ಬರ ಕುಣಿಯನ್ನು ಇನ್ನೊಬ್ಬರು ಯಾವಾಗ ತೋಡುತ್ತಾರೆಂಬುದು ಊರಿನ ಮಕ್ಕಳಿಗೂ ಗೊತ್ತು. ನೀಲವ್ವ ಅವನ ಮುಖವನ್ನೇ ನೋಡಿದಳು. ಸಲಿಕೆ ಬಿಡಲಿಲ್ಲ.

"ನಾಕ ಸಲ ಉಳದಿ ನೀ," ಎಂದಳು. "ನಿಂದು ನೀ ತೋಡ್ಕೊ. ಇವರಿಗೆ ಕೈ ಹಚ್ಚಬ್ಯಾಡ."