ಬೆಕ್ಕು ಮೂಕವಾದ ವರ್ಷ

ಬುಟ್ಟಿಯೊಳಗಿನ ಬೆಕ್ಕು ಬಾಯಿ ತೆರೆಯಿತು, ಮುಚ್ಚಿತು. ಒಂದು ಚೂರೂ ಸದ್ದಿಲ್ಲ.

ಹೊಳಬಸಪ್ಪ ಬುಟ್ಟಿಗೆ ಹೊದಿಸಿದ್ದ ಬಟ್ಟೆಯ ಅಂಚನ್ನು ಮತ್ತೆ ಇಳಿಬಿಟ್ಟ. ಆಟೋ ಇಳಕಲ್ಲಿನ ಬಜಾರ ದಾಟಿ ದನದ ದವಾಖಾನೆಯ ಕಡೆ ತಿರುಗಿತು. ಪಕ್ಕದಲ್ಲಿ ಮಗಳು ಸಪ್ನಾ ಹೊರಗೆ ನೋಡುತ್ತ ಕೂತಿದ್ದಳು. ಮನೆ ಬಿಟ್ಟಾಗಿನಿಂದ ತುಟಿ ಪಿಟಕ್ಕೆಂದಿರಲಿಲ್ಲ.

ಆಟೋದ ಖಾದರಬಾಷಾ ಕತ್ತು ಹೊರಳಿಸಿ, ಬುಟ್ಟಿ ನೋಡಿ ನಕ್ಕ. "ಭಾಳ ಸಿಟ್ಟಿಗೆದ್ದೈತೆಲ್ರಿ ಕಾಕಾ!"

"ವರ್ಷ ಆತಪಾ ಸಿಟ್ಟಿಗೆದ್ದು," ಎಂದ ಹೊಳಬಸಪ್ಪ.

ಬೆಕ್ಕನ್ನು ದವಾಖಾನೆಗೆ ಒಯ್ಯುವುದೆಂದರೆ ಓಣಿಯವರಿಗೆ ನಗೆ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂದು ಆಡಿಕೊಂಡರು. ಆಡಿಕೊಳ್ಳಲಿ. ಚಂದ್ರಿ ಅವನ ಹೆಂಡತಿ ಲಕ್ಕವ್ವ ಸಾಕಿದ ಬೆಕ್ಕು. ಹೊಸ್ತಿಲು ದಾಟಿದ ಪ್ರಾಣಿಯಲ್ಲ. ಲಕ್ಕವ್ವ ಕುಣಿಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುವಾಗ, ಅದು ಅಲ್ಲೇ ಅವಳ ಪಾದದ ಪಕ್ಕ ಮಲಗುತ್ತಿತ್ತು. ಆಗ ಅದಕ್ಕೆ ಎಂಥ ಗಂಟಲು! ಹಾಲು ತಡವಾದರೆ ಇಡೀ ಓಣಿ ಎದ್ದು ಕೂರಬೇಕು.

ಆ ಕುಣಿಗೆ ಮಣ್ಣು ಹಾಕಿಸಿ ಮುಚ್ಚಿದವನು ಹೊಳಬಸಪ್ಪನೇ. ಹರೆಯದಲ್ಲೇ ಇಚಲಕರಂಜಿಗೆ ಹೋಗಿ ಪವರ್‌ಲೂಮ್ ಶೆಡ್ಡುಗಳಲ್ಲಿ ಅರ್ಧ ಆಯುಷ್ಯ ಸವೆಸಿದವನು, ತೊಂಬತ್ತೆಂಟರಲ್ಲಿ ಊರಿಗೆ ಮರಳಿ ಮನೆಯಲ್ಲೇ ಲೂಮು ಹಾಕಿದ. ಕೆಲ ವರ್ಷಕ್ಕೆ ಇನ್ನೊಂದು ಲೂಮಿಗೆ ಜಾಗ ಬೇಕಾಯಿತು. ಲಕ್ಕವ್ವನನ್ನು ಒಂದು ಮಾತು ಕೇಳಲಿಲ್ಲ. ಅಂದಿನಿಂದ ಅವಳು ಅವನಿಗೆ ಮುಖ ಕೊಡಲಿಲ್ಲ. ಅವನೇನು ಕಡಿಮೆ ಹಟದವನೇ? ಬೆನ್ನು ತಿರುಗಿಸಿ ಆಡಿದ ಮಾತಿಗೆ ಜನ್ಮದಲ್ಲಿ ಉತ್ತರ ಕೊಟ್ಟವನಲ್ಲ. ಮಾತಾಡುವವರು ಮಾರಿ ನೋಡಿ ಮಾತಾಡಬೇಕು ಎನ್ನುವನು. ಹೀಗೆ ಒಂದೇ ಸೂರಿನಡಿ ಗಂಡ ಹೆಂಡತಿ ದಿನ ನೂಕಿದರು.

ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ಕಡೆಯ ಸಂಜೆ ಗೋಡೆಯ ಕಡೆ ಹೊರಳಿ ಮಲಗಿದ್ದಳು. ಸಪ್ನಾ ಕಾಲು ತಿಕ್ಕುತ್ತಿದ್ದಳು. ಹೊಳಬಸಪ್ಪ ಹಾಸಿಗೆಯ ಅಂಚಿಗೆ ಕೂತು, ಹಟವನ್ನೆಲ್ಲ ನುಂಗಿ, "ನಂದ ತಪ್ಪಾತ ಲಕ್ಕಿ. ಕುಣಿ ಮತ್ತ ತಗಸ್ತೇನಿ," ಎಂದ. ಕಾದ. ಅವಳು ಹೊರಳಲಿಲ್ಲ. ಹೂಂ ಇಲ್ಲ, ಹಾಂ ಇಲ್ಲ. ಕಾದು ಕಾದು ಎದ್ದು ಹೋಗಿ ಕಟ್ಟೆಯ ಮೇಲೆ ಕೂತ. ತುಸು ಹೊತ್ತಿಗೆ ಸಪ್ನಾ ಎದೆ ಬಡಿದುಕೊಳ್ಳುತ್ತ ಹೊರಗೆ ಬಂದಳು.

ಸಿಟ್ಟು ಇಳಿಯದೆಯೇ ಹೋದಳು ಎಂಬ ಕೊರಗು ಅವನನ್ನು ಒಳಗೊಳಗೇ ತಿಂದಿತು. ಬೆಕ್ಕೂ ಅವಳ ಪಕ್ಷ ಹಿಡಿಯಿತು. ಎದುರು ಬಂದು ನಿಲ್ಲುತ್ತದೆ, ಬಾಯಿ ತೆರೆಯುತ್ತದೆ, ಕೂಗುವುದಿಲ್ಲ. ಮಗಳೂ ಅಷ್ಟೇ. ಗಂಗಾಳ ಮುಂದಿಟ್ಟು ಒಲೆಯತ್ತ ತಿರುಗಿದಳೆಂದರೆ ಮುಗಿಯಿತು. ಇವನ ಆಸೆ ಒಂದೇ. ಬೆಕ್ಕು ಒಂದು ಸಲ ಕೂಗಲಿ, ಲಕ್ಕವ್ವ ಕ್ಷಮಿಸಿದಳು ಎಂದುಕೊಳ್ಳುತ್ತೇನೆ. ಇದನ್ನು ಯಾರ ಮುಂದೆ ಹೇಳಿಯಾನು? ಮಗಳಿಗೂ "ಮುದುಕಿ ಆಗೈತಿ, ಒಮ್ಮೆ ತೋರಸೂಣು" ಎಂದಷ್ಟೇ ಹೇಳಿ ಹೊರಡಿಸಿದ್ದ.

ದವಾಖಾನೆಯಲ್ಲಿ ಎಮ್ಮೆ, ಹೋರಿಗಳ ನಡುವೆ ಇವರ ಬುಟ್ಟಿ. ಡಾಕ್ಟರು ರಿಜ್ವಾನ ಇನ್ನೂ ಹುಡುಗುಮುಖದವರು. ಬೆಕ್ಕನ್ನು ಮೇಜಿನ ಮೇಲೆ ಇಳಿಸಿಕೊಂಡರು.

"ಏನಾಗೈತ್ರಿ ಇದಕ್ಕ?"

"ಮೂಕ ಆಗೈತ್ರಿ ಸಾಹೇಬ್ರ. ನನ್ನ ಹೆಂಡತಿ ಹೋದಾಗಿಂದ ಒಮ್ಮೇನೂ ಕೂಗಿಲ್ಲ."

ಸಪ್ನಾ ಗಕ್ಕನೆ ತಿರುಗಿ ಅಪ್ಪನ ಮುಖ ನೋಡಿದಳು.

ಡಾಕ್ಟರು ಬಗ್ಗಿ, ಬೆಕ್ಕಿನ ದವಡೆ ಅಗಲಿಸಿ ಗಂಟಲಿಗೆ ಬ್ಯಾಟರಿ ಬಿಟ್ಟರು. ಚಂದ್ರಿ ಒದ್ದಾಡಿತು. ಬಾಲ ಉಬ್ಬಿತು. ಬಾಗಿಲಲ್ಲಿ ಕರು ಹಿಡಿದು ನಿಂತಿದ್ದ ಹೆಂಗಸು ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ಡಾಕ್ಟರು ತಲೆಯೆತ್ತಿದರು.

"ಎಲ್ಲಿ ಮೂಕ ಆಗೈತ್ರಿ ಯಜಮಾನ್ರ? ಹಿಂಗ ಒದರಾಕತ್ತೈತಿ, ನನ್ನ ಕಿವಿ ಹರದ ಹೋದೂವು!"

ಹೊಳಬಸಪ್ಪ ಬೆಕ್ಕನ್ನು ನೋಡಿದ. ಬಾಯಿ ಪೂರಾ ತೆರೆದಿತ್ತು. ಗಂಟಲು ನಡುಗುತ್ತಿತ್ತು. ಅವನು ಬಗ್ಗಿ ಅದರ ಬಾಯಿಗೇ ಕಿವಿ ಹಚ್ಚಿದ. ಬಿಸಿ ಉಸಿರು ತಾಕಿತು, ಅಷ್ಟೇ. "ಚ್ಯಾಷ್ಟಿ ಮಾಡಬ್ಯಾಡ್ರಿ ಸಾಹೇಬ್ರ," ಎಂದ. ಅವನ ಕಣ್ಣಲ್ಲಿ ನೀರಿತ್ತು.

ಡಾಕ್ಟರು ಅವನ ಬೆನ್ನ ಹಿಂದೆ ಹೋದರು. ಮರಳಿ ಎದುರು ಬಂದಾಗ ಅವರ ಒಂದು ಕೈಯಲ್ಲಿ ಸ್ಟೀಲ್ ತಟ್ಟೆ, ಇನ್ನೊಂದು ಕೈಯಲ್ಲಿ ಇಕ್ಕಳವಿತ್ತು. ಹೊರಗಿನ ಹೋರಿಗಳು ಬೆದರಿ ಹಗ್ಗ ಜಗ್ಗುತ್ತಿದ್ದವು.

"ಲೂಮಿನ ಕೆಲಸ ಏನ್ರಿ ನಿಮ್ಮದು?"

"ಹೌದ್ರಿ. ಹುಡುಗ ಇದ್ದಾಗಿಂದ."

"ಮತ್ತ ನನ್ನ ಮಾತು ಹೆಂಗ ತಿಳೀತಾವು ನಿಮಗ?"

"ತುಟಿ ಕಾಣ್ತಾವಲ್ರಿ." ಇದೆಂಥ ಪ್ರಶ್ನೆ ಎನ್ನಿಸಿತು ಅವನಿಗೆ. "ಶೆಡ್ಡಿನ್ಯಾಗ ಎಲ್ಲಾರೂ ಹಂಗ ಕೇಳೂದು. ಆ ಸಪ್ಪಳದಾಗ ಕಿವಿಲೇ ಯಾರ ಕೇಳ್ತಾರ್ರಿ?"

"ಬೆಕ್ಕು ಗಟ್ಟಿ ಐತ್ರಿ ಯಜಮಾನ್ರ," ಎಂದರು ಡಾಕ್ಟರು, ಒಂದೊಂದೇ ಶಬ್ದ ಬಿಡಿಸಿ. "ಹೋಗಿದ್ದು ನಿಮ್ಮ ಕಿವಿ."

ಹೊಳಬಸಪ್ಪ ಮೇಜು ಹಿಡಿದುಕೊಂಡ. ಸಪ್ನಾ ಗೋಡೆಗೆ ಆತು ನಿಂತಿದ್ದಳು. ವರ್ಷದಿಂದ ಗಂಟು ಹಾಕಿಕೊಂಡಿದ್ದ ಮುಖ ಈಗ ಅಳುತ್ತಿತ್ತು. ಅವಳು ಎದುರು ಬಂದು, ಅಪ್ಪನ ಗಲ್ಲವನ್ನು ಎರಡೂ ಕೈಯಿಂದ ಹಿಡಿದು, ತನ್ನ ತುಟಿ ಅವನಿಗೆ ಕಾಣುವಂತೆ ತಿರುಗಿಸಿಕೊಂಡಳು.

"ಅಪ್ಪಾ, ಅವತ್ತ ಅವ್ವ ಗ್ವಾಡಿ ಕಡೆ ಮಾರಿ ಮಾಡಿಕೊಂಡ 'ಇರ್ಲಿ ಬಿಡ್ರಿ, ನನ್ನ ಕೈ ಹಿಡಕೋರಿ' ಅಂತ ಉಸಿರ ಇರೂತನಾ ಅಂದ್ಲು, ನೀ ಎದ್ದು ಹೊರಗ ಹೋದಿ."